ಒಲಿ ಮುಂದಿನ ವಿಡಿಯೋಕ್ಕ ರೊಕ್ಕ ಬಂದ್ರ ತಪ್ಪೇನ್ರವ್ವ?

ಹೋದ ಸಲ ಗುರೆಳ್ಳು ಪುಡಿ ಬಗ್ಗೆ ಬರೆದಾಗ, ಮುಂದಿನ ಸಲ ಉಪ್ಪಿನಕಾಯಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಇರ್ಲಿ, ಉಪ್ಪಿನಕಾಯಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಕಂಪ್ಲಿಯೊಳಗ ತೊಟ್ಲು ಕಾರ್ಯಕ್ಕ ಹೋದಾಗ ಆದ ಮಾತುಕತಿ ನಿಮ್ಮಾಗ ಅರ್ಧ ಮಂದಿ ಕಣ್ಣಾರೆ ನೋಡೀರಿ, ಇನ್ನರ್ಧ ಮಂದಿ ಫೋನಿನ್ಯಾಗ ಕೇಳೀರಿ. ಕೇಳಿದವ್ರಿಗೆ ಉಪ್ಪು ಖಾರ ಸ್ವಲ್ಪ ಜಾಸ್ತೀನೇ ಮುಟ್ಟಿರ್ತೈತಿ. ಅದಕ್ಕ ನನ್ನ ಮಾತು ನಾನೇ ಬರದು ಹೇಳ್ತೀನಿ.

ನಮ್ಮಕ್ಕನ ಮಗಳನ್ನ ಕಂಪ್ಲಿಗೆ ಕೊಟ್ಟೀವಿ. ಹೆಸರು ಹಾಕಬ್ಯಾಡ ಚಿಗವ್ವ ಅಂದಾಳ, ಅದಕ್ಕ ಕಂಪ್ಲಿ ಹುಡುಗಿ ಅಂತೀನಿ. ಅಕಿ ಎರಡು ವರ್ಷದಿಂದ ಯೂಟ್ಯೂಬ್‌ಗೆ ಅಡಗಿ ವಿಡಿಯೋ ಹಾಕ್ತಾಳ. ಪುಂಡಿ ಪಲ್ಲೆ, ಒಗ್ಗರಣಿ ಮಿರ್ಚಿ, ಬದನಿಕಾಯಿ ಎಣ್ಣಿಗಾಯಿ, ಪಂಚಮಿ ಉಂಡಿ, ಕರ್ಚಿಕಾಯಿ, ಎಲ್ಲಾ ನಮ್ಮ ಮನಿ ಅಡಗೀನ. ಅವತ್ತು ಊಟ ಆಗಿ ಎಲಿ ಅಡಿಕಿ ಹಾಕ್ಕೊಂಡು ಕುಂತಾಗ ಯಾರೋ ಒಬ್ರು, "ನಿಮ್ಮ ಸೊಸಿಗೆ ಈಗ ರೊಕ್ಕ ಬರಾಕತ್ತೈತಂತಲ್ಲ" ಅಂದ್ರು. ಅಷ್ಟು ಸಾಕಾತು. ಸಂಡೂರಿನ ನಮ್ಮ ಸೋದರತ್ತಿ ಎಲ್ಲಾರ ಮುಂದ ಅಂದ್ಬಿಟ್ರು: "ನಾಲ್ಕು ಮಂದಿಗೆ ಅಡಗಿ ಹೇಳಿಕೊಟ್ರ ಪುಣ್ಯ. ಅದಕ್ಕ ರೊಕ್ಕ ಎಣಿಸಿದ್ರ ಅನ್ನ ಮಾರಿದಂಗ. ಹವ್ಯಾಸ ಅಂದ ಮ್ಯಾಲ ಹವ್ಯಾಸದಂಗ ಇರ್ಬೇಕು."

ಹುಡುಗಿ ಒಂದು ಮಾತೂ ಆಡ್ಲಿಲ್ಲ. ಒಳಗ ಹೋಗಿ ಪಾತ್ರಿ ತಿಕ್ಕಾಕ ಕುಂತ್ಲು. ನಾನೂ ಸುಮ್ಮನ ಕುಂತೆ. ನಾನು ಯಾಕ ಸುಮ್ಮನ ಕುಂತೆ ಅನ್ನೋದನ್ನ ಕಡೀಗೆ ಹೇಳ್ತೀನಿ.

ಅತ್ತಿಯವ್ರು ಹಿರೇರು, ಅವ್ರ ಮಾತಿನ್ಯಾಗೂ ಒಂದು ಅರ್ಥ ಐತಿ. ಆದ್ರ ಆ ವಿಡಿಯೋ ಹೆಂಗ ಆಗ್ತೈತಿ ಅಂತ ಅವ್ರು ನೋಡಿಲ್ಲ. ನಾನು ತೊಟ್ಲು ಮುಗಿದ ಮ್ಯಾಲ ಎರಡು ದಿನ ಅಲ್ಲೇ ಇದ್ದು ನೋಡಿದೆ. ಬೆಳಿಗ್ಗೆ ಎಲ್ಲಾರಿಗೂ ನಾಷ್ಟ ಆಗ್ಬೇಕು, ಮಗೂನ್ನ ಶಾಲಿಗೆ ಕಳಿಸ್ಬೇಕು, ಮಾವನ ಗುಳಿಗಿ ಕೊಡ್ಬೇಕು. ಆಮ್ಯಾಲ ಒಲಿ ಕಟ್ಟಿ ಒರಸಿ, ಸಾಮಾನು ತೂಗಿ ಇಟ್ಕೊಂಡು, ಫೋನು ಸ್ಟ್ಯಾಂಡಿಗೆ ಸಿಗಿಸಿ ಶುರು ಮಾಡ್ತಾಳ. ಒಗ್ಗರಣಿ ಹಾಕೋ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗ್ತೈತಿ. ಇಲ್ಲಾ ಓಣ್ಯಾಗ ಕಾಯಿಪಲ್ಲೆ ಗಾಡಿ ಮೈಕು ಒದರ್ತೈತಿ. ಮತ್ತ ಮೊದ್ಲಿಂದ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಅಡಗಿ ಮನ್ಯಾಗ ಕುಂತು ಸಣ್ಣ ದನಿಯೊಳಗ ಮಾತು ಸೇರಿಸ್ತಾಳ, ಬ್ಯಾಡಾದ್ದನ್ನ ಕತ್ತರಸ್ತಾಳ. ಹತ್ತು ನಿಮಿಷದ ಒಂದು ಪುಂಡಿ ಪಲ್ಲೆಗೆ ನಾನು ಗಡಿಯಾರ ನೋಡಿ ಲೆಕ್ಕ ಹಾಕಿದೆ, ಎಂಟು ತಾಸು ಹಿಡೀತು. ಇದಕ್ಕ ಹವ್ಯಾಸ ಅನ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಎಂಟು ತಾಸು ಮಾಡಿದ್ದು ಕೆಲಸಾನೂ ಹೌದು.

ಇನ್ನ ರೊಕ್ಕದ ಮಾತು. "ವಿಡಿಯೋ ಹಾಕಿದ್ರ ರೊಕ್ಕ ಸುರೀತೈತಿ" ಅಂತ ನಮ್ಮಾಗ ಭಾಳ ಮಂದಿ ತಿಳ್ಕೊಂಡಾರ. ಹಂಗಿಲ್ರಿ. ಯೂಟ್ಯೂಬಿನ ಜಾಹೀರಾತಿನ್ಯಾಗ ಪಾಲು ಸಿಗ್ಬೇಕಂದ್ರ ಮೊದ್ಲು 1000 ಮಂದಿ ಚಂದಾದಾರರು ಆಗ್ಬೇಕು. ಅದರ ಜೊತಿಗೆ ಒಂದು ವರ್ಷದೊಳಗ ಮಂದಿ ಅಕಿ ವಿಡಿಯೋ ಎಲ್ಲಾ ಕೂಡಿ 4000 ತಾಸು ನೋಡಿರ್ಬೇಕು, ಇಲ್ಲಾ ಸಣ್ಣ ಸಣ್ಣ ಶಾರ್ಟ್ಸ್ ವಿಡಿಯೋಗಳನ್ನ 90 ದಿನದೊಳಗ 1 ಕೋಟಿ ಸಲ ನೋಡಿರ್ಬೇಕು. ಕಂಪ್ಲಿ ಹುಡುಗಿಗೆ ಇಷ್ಟಾಗಾಕ ಹದಿನಾಲ್ಕು ತಿಂಗಳು ಹಿಡೀತು. ಆಮ್ಯಾಲೂ ಖಾತ್ಯಾಗ 10 ಡಾಲರ್ ಕೂಡಿದ ಮ್ಯಾಲ ಗೂಗಲ್‌ನವ್ರು ಮನಿ ವಿಳಾಸಕ್ಕ ಅಂಚೆಯೊಳಗ ಒಂದು ಪಿನ್ ನಂಬರ್ ಕಳಸ್ತಾರ. ಆ ಕಾಗದ ಬಂದಾಗ ಅಕಿ ಮಾವ ಬ್ಯಾಂಕಿನ ಸಾಲದ ನೋಟೀಸು ಅಂತ ಅಂಜಿ, ದೇವರ ಗೂಡಿನ ಹಿಂದ ಮುಚ್ಚಿಟ್ಟು ನಾಲ್ಕು ದಿನ ಯಾರಿಗೂ ಹೇಳಿಲ್ಲ! ಪಿನ್ ಹಾಕಿದ ಮ್ಯಾಲೂ 100 ಡಾಲರ್ ಕೂಡೋ ತನಕ ರೊಕ್ಕ ಕೈಗೆ ಬರಂಗಿಲ್ಲ. ಅಕಿಗೆ ಮೊದ್ಲನೇ ಸಲ ಬಂದಿದ್ದು ಎಂಟು ಸಾವಿರದ ಆರ್ನೂರು ಚಿಲ್ಲರೆ. ಎರಡನೇದು ಬರಾಕ ಮತ್ತ ನಾಲ್ಕು ತಿಂಗಳು ಆತು.

ಅತ್ತಿಯವ್ರಿಗೆ ಮುಖ್ಯವಾಗಿ ಗೊತ್ತಾಗ್ಬೇಕಾದ್ದು ಇನ್ನೊಂದೈತಿ. ಉದ್ದನ ವಿಡಿಯೋ ಮುಂದ ಬರೋ ಜಾಹೀರಾತಿನ ರೊಕ್ಕ 100 ರೂಪಾಯಿ ಅಂದ್ರ, ಮಾಡಿದವ್ರಿಗೆ 55, ಕಂಪನಿಗೆ 45. ಹುಡುಗಿ "ನಂಗ ರೊಕ್ಕ ಬ್ಯಾಡ, ಇದು ಹವ್ಯಾಸ" ಅಂತ ಬಿಟ್ಲು ಅನ್ರಿ. ಆಗ ಜಾಹೀರಾತು ನಿಂತು ಹೋಗ್ತೈತೇನು? ಇಲ್ಲ. 2020ರ ಕಡೀಗೆ ಬಂದ ನಿಯಮದ ಪ್ರಕಾರ, ಪಾಲು ತಗೊಳ್ಳದೇ ಇದ್ದವ್ರ ವಿಡಿಯೋಕ್ಕೂ ಕಂಪನಿ ಜಾಹೀರಾತು ಹಾಕಬಹುದು. ಆಗ ನೂರಕ್ಕ ನೂರೂ ಕಂಪನೀದ. ಅಂದ್ರ ನಮ್ಮ ಹುಡುಗಿ ಪುಣ್ಯಕ್ಕ ಅಂತ ಬಿಟ್ಟ ರೊಕ್ಕ ಬಡವ್ರಿಗೂ ಹೋಗಂಗಿಲ್ಲ, ಗುಡಿ ಹುಂಡಿಗೂ ಹೋಗಂಗಿಲ್ಲ, ಸೀದಾ ಅಮೆರಿಕಾಕ್ಕ ಹೋಗ್ತೈತಿ. ಇದು ಯಾವ ಪುಣ್ಯ, ನೀವ ಹೇಳ್ರಿ.

ಇನ್ನ "ಅನ್ನ ಮಾರಬಾರದು" ಅನ್ನೋ ಮಾತು. ಹಸಕೊಂಡು ಬಾಗಿಲಿಗೆ ಬಂದವ್ರಿಗೆ ಅನ್ನಕ್ಕ ರೊಕ್ಕ ಕೇಳಬಾರದು, ಅದು ಖರೇ. ಆದ್ರ ನಮ್ಮ ಕಡೆ ಖಾನಾವಳಿ ನಡೆಸಿ ಮಕ್ಕಳನ್ನ ಓದಿಸಿದ ಹೆಣ್ಮಕ್ಳು ಎಷ್ಟು ಮಂದಿ ಇಲ್ಲ? ರೊಟ್ಟಿ ಬಡಿದು ಮಾರಿ ಮನಿ ಕಟ್ಟಿದವ್ರಿಗೆ ಪಾಪ ಬಂದೈತಿ ಅಂತ ಯಾರೂ ಅನ್ನಂಗಿಲ್ಲ.

ಸಂಡೂರಿನವ್ರೇ ಆದ ಅತ್ತಿಗೆ ಸಂಡೂರಿನ ಮಾತೇ ಹೇಳ್ತೀನಿ. ಲಂಬಾಣಿ ಹೆಣ್ಮಕ್ಳ ಕಸೂತಿ ಮೊದ್ಲು ಯಾರಿಗಾಗಿ ಇತ್ತು? ತಮ್ಮ ಲಂಗ, ರವಕಿ, ಮಗಳ ಮದಿವಿ ಬಟ್ಟಿಗೆ. ಕೆಲಸ ಮುಗಿಸಿ ತಾಂಡಾದಾಗ ಕುಂತು ಹಾಕ್ತಿದ್ದ ಹೊಲಿಗಿ ಅದು. ಅದೂ ಹವ್ಯಾಸದಂಗ ಇತ್ತಲ್ಲ? ಸಂಡೂರು ಕುಶಲ ಕಲಾ ಕೇಂದ್ರ ಅದನ್ನ ಕೂಲಿ ಬರೋ ಕೆಲಸ ಮಾಡ್ತು. 2023ರ ಜುಲೈ ತಿಂಗಳಾಗ ಹಂಪಿಯೊಳಗ ಜಿ-20 ಸಭಿ ಆದಾಗ, ಆ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಮಕ್ಳು ಹೊಲಿದ 1755 ತುಂಡುಗಳನ್ನ ಇಟ್ಟು ಗಿನ್ನೆಸ್ ದಾಖಲಿ ಆತು. ಅವತ್ತು ನಾವೆಲ್ಲಾ "ನಮ್ಮ ಸಂಡೂರು, ನಮ್ಮ ಸಂಡೂರು" ಅಂತ ಫೋಟೋ ಹಂಚಿದ್ವಿ. ಅತ್ತಿಯವ್ರು ನಂಗೂ ಕಳಿಸಿದ್ರು. ಆ ಹೆಣ್ಮಕ್ಳು ಸೂಜಿಗೆ ರೊಕ್ಕ ತಗೊಂಡ್ರ ಹೆಮ್ಮಿ, ನಮ್ಮ ಹುಡುಗಿ ಸೌಟಿಗೆ ರೊಕ್ಕ ತಗೊಂಡ್ರ ಅವಮಾನ ಯಾಕ?

ಅದೇ ಸಂಡೂರು ತಾಲೂಕಿನ ದರೋಜಿ ಈರಮ್ಮನವ್ರು ಬುರ್ರಕಥಿ ಹೇಳಿ, ಜನ ಕೊಟ್ಟ ಕಾಳು ಕಡಿ, ದುಡ್ಡಿನ್ಯಾಗ ಬದುಕಿದವ್ರು. 1999ರಾಗ ರಾಜ್ಯೋತ್ಸವ ಪ್ರಶಸ್ತಿ ಬಂತು. 2014ರಾಗ ತೀರಿಕೊಂಡಾಗ ರಾಜ್ಯವೇ ನೆನಪು ಮಾಡ್ಕೊಂತು. ನಮ್ಮ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವ್ರು ಒಂದು ಕಾಲಕ್ಕ ಕುಣಿದು, ಬೇಡಿ ಹೊಟ್ಟಿ ಹೊರಕೊಂಡವ್ರು. 2021ರಾಗ ಪದ್ಮಶ್ರೀ ಆತು. ಕಲೆಗೆ ರೊಕ್ಕ ತಗೊಂಡ್ರ ಕಲೆ ಸಣ್ಣದಾಗ್ತೈತಿ ಅಂದಿದ್ರ ಇವರ್ಯಾರೂ ಉಳೀತಿರ್ಲಿಲ್ಲ. ಹಾಡೋರಿಗೂ ಕುಣಿಯೋರಿಗೂ ಹೊಟ್ಟಿ ಐತಿ.

ನಮ್ಮ ಹೊಸಪೇಟಿ ಮಂದಿಗೆ ತೆಲುಗು ಬ್ಯಾರೆ ಅಲ್ಲ. ತೆಲಂಗಾಣದ ಜಗಿತ್ಯಾಲ ಜಿಲ್ಲಾದ ಲಂಬಾಡಿಪಲ್ಲಿಯ ಗಂಗವ್ವನ ವಿಡಿಯೋ ನಾವೆಲ್ಲಾ ಕೂಡಿ ನೋಡಿ ನಕ್ಕೀವಿ. ಹೊಲದಾಗ ಕೂಲಿ ಮಾಡ್ತಿದ್ದ ಮುದುಕಿ, 'ಮೈ ವಿಲೇಜ್ ಶೋ' ಒಳಗ ಬಂದು, 2020ರಾಗ ತೆಲುಗು ಬಿಗ್ ಬಾಸ್‌ಗೂ ಹೋದ್ಲು. ಅಕಿಗೆ ರೊಕ್ಕ ಬಂತು ಅಂತ ಕೇಳಿ, "ಪಾಪ, ಕಷ್ಟಪಟ್ಟಾಳ, ಬರ್ಲಿ ಬಿಡ್ರಿ" ಅಂದಿದ್ದು ನಾವ. ಇದೇ ಸೋದರತ್ತಿಯವ್ರೂ ಅಂದಿದ್ರು. ದೂರದವ್ರಿಗೆ ಬಂದ್ರ ಭಾಗ್ಯ, ಮನಿ ಸೊಸಿಗೆ ಬಂದ್ರ ಅಪವಾದ. ಇದು ರೊಕ್ಕದ ಸಿಟ್ಟಲ್ಲ, ಸೊಸಿ ಕೈಯಾಗ ರೊಕ್ಕ ಇರೋ ಸಿಟ್ಟು ಅಂತ ನಂಗ ಅನಸ್ತೈತಿ. ತಪ್ಪಿದ್ರ ಬೈರಿ.

ನಂದೂ ಒಂದು ಕಥಿ ಐತಿ. ಇಪ್ಪತ್ತು ವರ್ಷ ನಾನು ನೆಂಟರ ಮದಿವಿ, ಸೀಮಂತ ಅಂತ ಹಪ್ಪಳ, ಸಂಡಿಗಿ, ಕರ್ಚಿಕಾಯಿ ಮಾಡಿಕೊಟ್ಟೀನಿ. "ನಿನ್ನ ಕೈರುಚಿ ಯಾರಿಗೂ ಬರಂಗಿಲ್ಲ" ಅಂದ್ರ ನಂಗೂ ಖುಷಿ. ಒಂದು ಸಲ ಮಗನ ಕಾಲೇಜಿಗೆ ರೊಕ್ಕ ಸಾಲದಾತು. ಆಗ ಒಬ್ರ ಮನಿ ಮದಿವಿಗೆ ನಾನೂರು ಕರ್ಚಿಕಾಯಿ ಕೇಳಿದ್ರು. ನಾನು ಅಂಜಿಕೊಂಡು, "ಎಣ್ಣಿ, ಕೊಬ್ರಿ ತಂದುಕೊಡ್ರಿ, ಕೈಕೆಲಸಕ್ಕ ಐನೂರು ಕೊಡ್ರಿ" ಅಂದೆ. ಅವ್ರ ಮುಖ ಇವತ್ತಿಗೂ ಕಣ್ಣ ಮುಂದೈತಿ. "ನೀನೂ ರೊಕ್ಕ ಕೇಳ್ತೀಯೇನ?" ಅಂದ್ರು. ಅವ್ರು ಅದೇ ಮದಿವ್ಯಾಗ ಬ್ಯಾಂಡಿನವ್ರಿಗೆ ಕೊಟ್ರು, ಶಾಮಿಯಾನದವ್ರಿಗೆ ಕೊಟ್ರು, ಫೋಟೋದವ್ರಿಗೆ ಮುಂಗಡ ಕೊಟ್ರು. ನಂಗ ಒಂದು ಕುಬಸ ಕೊಟ್ಟು ಕಳಿಸಿದ್ರು. ನಾನು ಮರು ಮಾತಾಡದ ಮನಿಗೆ ಬಂದೆ. ಗಂಡಸ್ರು ಕಲಿತದ್ದಕ್ಕ ಕಸುಬು ಅಂತಾರ, ಹೆಂಗಸ್ರು ಕಲಿತದ್ದಕ್ಕ ಹವ್ಯಾಸ ಅಂತಾರ. ಕಸುಬಿಗೆ ಕೂಲಿ ಐತಿ, ಹವ್ಯಾಸಕ್ಕ ಹೊಗಳಿಕಿ ಐತಿ. ಹೊಗಳಿಕಿ ತಗೊಂಡು ಹೋದ್ರ ಅಂಗಡ್ಯಾವ ಎಣ್ಣಿ ಕೊಡಂಗಿಲ್ಲ.

ಹಂಗಂತ ವಿಡಿಯೋ ಮಾಡೋರೆಲ್ಲಾ ಸರಿ ಅಂತ ನಾನು ಹೇಳಂಗಿಲ್ಲ. ಇನ್ನೊಂದು ಬದಿ ನಾನೇ ಉಂಡೀನಿ. ನಮ್ಮವ್ವ ತೀರಿಕೊಂಡಾಗ ನಾನು ಅಕಿ ಕಾಲ ಹಿಡಕೊಂಡು ಅಳೋದನ್ನ ನಮ್ಮ ಬಳಗದ ಹುಡುಗ ಒಬ್ಬ ಫೋನಿನ್ಯಾಗ ಹಿಡಿದು, ಅಳೋ ಹಾಡು ಸೇರಿಸಿ ಬಿಟ್ಟ. ಮೂರನೇ ದಿನಕ್ಕ ಅದನ್ನ ನಲವತ್ತು ಸಾವಿರ ಮಂದಿ ನೋಡಿದ್ರಂತ. ಕಾಯಿಪಲ್ಲೆ ಸಂತ್ಯಾಗ ಗುರುತಿಲ್ಲದ ಹೆಂಗಸೊಬ್ಬಾಕಿ, "ನೀವ ಅಲ್ಲೇನ್ರಿ ಅತ್ತಿದ್ದು?" ಅಂತ ಕೇಳಿದ್ಲು. ನಮ್ಮವ್ವನ ಹೆಣ, ನನ್ನ ಕೆದರಿದ ಕೂದ್ಲು, ಜಾರಿದ ಸೆರಗು. ಕೇಳಿದ್ರ ಹುಡುಗ, "ರೊಕ್ಕೇನೂ ಬಂದಿಲ್ಲ ಆಂಟಿ, ಸುಮ್ನ ಹವ್ಯಾಸ" ಅಂದ. ರೊಕ್ಕ ಬಂದಿದ್ರ ತಪ್ಪು, ಬರದಿದ್ರ ತಪ್ಪಲ್ಲ ಅನ್ನೋದು ಎಷ್ಟು ಸುಳ್ಳು ಅಂತ ನಂಗ ಅವತ್ತು ತಿಳೀತು. ಕಾಸಿಲ್ಲದ ಮಾಡಿದ್ರೂ ಅವ ನನ್ನ ದುಃಖ ಕದ್ದಿದ್ದ. ಕಂಪ್ಲಿ ಹುಡುಗಿ ಕಾಸು ತಗೊಂಡ್ರೂ ಯಾರದ್ದೂ ಕದ್ದಿಲ್ಲ.

ನಮ್ಮೂರ ಸುತ್ತಮುತ್ತನೇ ನೋಡ್ರಿ. 2019ರ ಫೆಬ್ರುವರಿಯೊಳಗ ಹಂಪಿಯ ಗಜಶಾಲೆ ಹಿಂದ ಇರೋ ವಿಷ್ಣು ಗುಡಿ ಹತ್ರ ಹುಡುಗ್ರು ಕಲ್ಲಿನ ಕಂಬ ನೂಕಿ ಬೀಳಿಸೋ ವಿಡಿಯೋ ಎಲ್ಲಾ ಕಡೆ ಹರಿದಾಡ್ತು. ನಾಲ್ಕು ಮಂದಿ ಸಿಕ್ರು. ಹೊಸಪೇಟಿ ಕೋರ್ಟು ಒಬ್ಬೊಬ್ರಿಗೆ 70 ಸಾವಿರ ದಂಡ ಹಾಕಿ, ಬೀಳಿಸಿದ ಕಂಬ ಅವ್ರ ಕೈಲೇ ನಿಲ್ಲಿಸ್ತು. ಐನೂರು ವರ್ಷ ನಿಂತಿದ್ದನ್ನ ನೂಕಾಕ ಒಂದು ನಿಮಿಷ ಸಾಕಾತು.

2024ರ ಆಗಸ್ಟ್ 10ರ ರಾತ್ರಿ ನಮ್ಮ ಟಿ.ಬಿ. ಡ್ಯಾಮಿನ 19ನೇ ಗೇಟು ಚೈನು ಹರಿದು ಕೊಚ್ಚಿಕೊಂಡು ಹೋದದ್ದು ನಿಮಗೆಲ್ಲಾ ನೆನಪೈತಿ. ಆಮ್ಯಾಲ ತಜ್ಞರು, ಕೂಲಿಯವ್ರು ಹಗಲು ರಾತ್ರಿ ನಿಂತು, ಒಂದು ವಾರದೊಳಗ ಹರಿಯೋ ನೀರಿನ್ಯಾಗನೇ ತಾತ್ಕಾಲಿಕ ಗೇಟು ಇಳಿಸಿದ್ರು. ಆ ವಾರದಾಗ ನಮ್ಮ ಫೋನಿಗೆ ಬಂದ ವಿಡಿಯೋಗಳು ಎಂಥವು? ಯಾವುದೋ ದೇಶದ ಪ್ರವಾಹ ತಂದು, "ಡ್ಯಾಂ ಒಡೀತು" ಅಂತ ಕೆಂಪು ಅಕ್ಷರ ಹಾಕಿದ್ದು. ಕಂಪ್ಲಿಯವ್ರಿಗೆ ನೀರು ಅಂದ್ರ ಆಟ ಅಲ್ಲ. ಡ್ಯಾಮಿನಿಂದ ನೀರು ಹೆಚ್ಚು ಬಿಟ್ರ ಗಂಗಾವತಿ ದಾರಿಯ ಸೇತುವಿ ಮುಳುಗ್ತೈತಿ, ಕೋಟಿ ಕಡೆ ಮನಿಗೆ ನೀರು ಬರ್ತೈತಿ. ಹುಡುಗಿ ಅತ್ತಿ ಆ ವಿಡಿಯೋ ನೋಡಿ ನಡು ರಾತ್ರ್ಯಾಗ ಬಂಗಾರ, ಕಾಗದ ಪತ್ರ ಗಂಟು ಕಟ್ಟಿ, ಮೊಮ್ಮಗನ್ನ ಎಬ್ಬಿಸಿ ಬಾಗಿಲಿಗೆ ಬಂದು ನಿಂತಿದ್ರು. ಅಂಜಿಕಿ ಮಾರಿ ರೊಕ್ಕ ಮಾಡೋದು ಅಂದ್ರ ಇದು. ಸಿಟ್ಟು ಮಾಡೋದಿದ್ರ ಇದಕ್ಕ ಮಾಡ್ರಿ.

ಅದಕ್ಕ ನನ್ನ ಮಾತು ಇಷ್ಟೇ: ರೊಕ್ಕ ತಗೊಂಡ್ಲೋ ಇಲ್ಲೋ ಅಂತ ಕೇಳಬ್ಯಾಡ್ರಿ, ಏನು ಮಾರಿದ್ಲು ಅಂತ ಕೇಳ್ರಿ. ತನ್ನ ಕೈಕೆಲಸ, ತನ್ನ ಬುದ್ಧಿ, ತನ್ನ ನಿದ್ದಿಗೆಟ್ಟ ರಾತ್ರಿ ಮಾರಿದ್ರ ಅದು ದುಡಿಮಿ. ಇನ್ನೊಬ್ರ ಮುಖ, ಇನ್ನೊಬ್ರ ಕಣ್ಣೀರು, ಊರಿನ ಅಂಜಿಕಿ, ಹಿರೇರ ಕಲ್ಲು ಮಾರಿದ್ರ ಅದು ದುಡಿಮಿ ಅಲ್ಲ.

ಕಂಪ್ಲಿ ಹುಡುಗಿಗೆ, ವಿಡಿಯೋ ಮಾಡೋ ನಮ್ಮ ಬಾಕಿ ಹೆಣ್ಮಕ್ಳಿಗೆ ನಾನು ಹೇಳೋದು ಕೆಲವೈತಿ. ಮೊದ್ಲನೇದು, ಮಕ್ಕಳನ್ನ ವಿಡಿಯೋಕ್ಕ ಎಳೀಬ್ಯಾಡ್ರಿ. ಮಗು ಸ್ನಾನ ಮಾಡೋದು, ಅಳೋದು, ಪೆಟ್ಟು ತಿನ್ನೋದು ಯಾರೂ ನೋಡಬೇಕಾಗಿಲ್ಲ. ನಾಳೆ ಅದು ದೊಡ್ಡದಾಗಿ, "ನನ್ನ ಕೇಳಿದ್ದ್ಯೇನವ್ವ?" ಅಂದ್ರ ಏನು ಹೇಳ್ತೀರಿ? ಎರಡನೇದು, ಯಾರದ ಮುಖ ಹಾಕಿದ್ರೂ ಮೊದ್ಲು ಕೇಳ್ರಿ. ಅತ್ತಿ ಬೈಯೋದು, ಮಾವ ಗೊರಕಿ ಹೊಡಿಯೋದು ನಗೆಪಾಟಲು ಮಾಡಬ್ಯಾಡ್ರಿ. ಮೂರನೇದು, ಕಂಪನಿಯವ್ರು ಎಣ್ಣಿನೋ, ಕುಕ್ಕರೋ ಪುಕ್ಕಟೆ ಕಳಿಸಿ ಹೊಗಳು ಅಂದ್ರ, "ಇದು ಜಾಹೀರಾತು" ಅಂತ ಕಾಣೋ ಹಂಗ ಹೇಳ್ರಿ. ಇದು ನನ್ನ ನಿಯಮ ಅಷ್ಟೇ ಅಲ್ಲ, 2023ರ ಜನವರಿಯೊಳಗ ಕೇಂದ್ರದ ಗ್ರಾಹಕ ಇಲಾಖಿನೂ ಹೇಳೈತಿ. ತಪ್ಪು ದಾರಿ ಹಿಡಿಸೋ ಜಾಹೀರಾತಿಗೆ ಕಾನೂನಿನ್ಯಾಗ 10 ಲಕ್ಷದ ತನಕ ದಂಡ ಐತಿ. ಅದಕ್ಕಿಂತ ಹೆಚ್ಚಾಗಿ, ನಿಮ್ಮನ್ನ ನಂಬಿ ಕೊಂಡಾಕಿ ನಿಮ್ಮಂಗ ಒಬ್ಬಾಕಿ ಹೆಣ್ಮಗಳು. ನಾಲ್ಕನೇದು, ರೊಕ್ಕ ಬರೋ ಖಾತಿ ನಿಮ್ಮ ಹೆಸರ್ಲೇ ಇರ್ಲಿ. ಗಂಡನ ಹೆಸರಿಗೆ ಬ್ಯಾಡ, ಮೈದುನನ ಹೆಸರಿಗೆ ಬ್ಯಾಡವೇ ಬ್ಯಾಡ.

ಮತ್ತ, ಇದನ್ನ ನಂಬಿ ಇದ್ದ ಕೆಲಸ ಬಿಡಬ್ಯಾಡ್ರಿ. ಹೊಲಿಗಿ ಮಷಿನ್ ಇದ್ರ ಅದು ನಡೀತಿರ್ಲಿ. ಸಾಲ ಮಾಡಿ ದೊಡ್ಡ ಫೋನು ತಗೋಬ್ಯಾಡ್ರಿ. "ಇಷ್ಟು ಕೊಡ್ರಿ, ಸಾವಿರ ಚಂದಾದಾರರನ್ನ ಮಾಡಿಸಿ ಕೊಡ್ತೀವಿ" ಅನ್ನೋರ ಕೈಗೆ ಒಂದು ರೂಪಾಯಿ ಇಡಬ್ಯಾಡ್ರಿ. ಒಂದು ತಿಂಗಳು ಬಂದದ್ದು ಇನ್ನೊಂದು ತಿಂಗಳು ಬರಂಗಿಲ್ಲ, ನಮ್ಮ ಮಳಿ ಇದ್ದಂಗ. ಮಳಿ ನಂಬಿ ಬಿತ್ತೋರು ಮನ್ಯಾಗ ಒಂದಿಷ್ಟು ಕಾಳು ಇಟ್ಕೊಂಡೇ ಬಿತ್ತತಾರ.

ಈಗ ಕಡೀ ಮಾತು. ಅವತ್ತು ತೊಟ್ಲು ಮನ್ಯಾಗ ನಾನು ಯಾಕ ಸುಮ್ಮನ ಕುಂತೆ ಅಂದ್ರ, ಹೋದ ವರ್ಷ ಇದೇ ಮಾತು ನಾನೇ ಅಕಿಗೆ ಅಂದಿದ್ದೆ. ನಮ್ಮವ್ವನ ವಿಡಿಯೋ ಸಂಕಟ ಹೊಸದಿತ್ತು. ಆ ಸಿಟ್ಟು ಹುಡುಗಿ ಮ್ಯಾಲ ತೀರಿಸಿದೆ. "ನೀನೂ ಅವನಂಗ ಮನಿ ಮಾರಾಕತ್ತೀ, ಬಿಟ್ಟುಬಿಡು" ಅಂದೆ. ಚಿಗವ್ವ ಅಂದಳಲ್ಲ ಅಂತ ಅಕಿ ಮೂರು ತಿಂಗಳು ಫೋನು ಮುಟ್ಟಲಿಲ್ಲ. ಆ ಮೂರು ತಿಂಗಳಾಗ ಮಗನ ಶಾಲಿ ಫೀಸಿಗೆ ಕಿವಿ ಓಲಿ ಒತ್ತಿ ಇಟ್ಟಿದ್ಲು. ನಂಗ ಹೇಳಿಲ್ಲ. ಮತ್ತ ಶುರು ಮಾಡಿದ ಮ್ಯಾಲ ಬಂದ ಮೊದ್ಲನೇ ರೊಕ್ಕದಾಗ ಅದನ್ನ ಬಿಡಿಸ್ಕೊಂಡು ಬಂದಾಳ. ತೊಟ್ಲು ದಿನ ಪಾತ್ರಿ ತಿಕ್ಕುವಾಗ ಅಕಿ ಕಿವ್ಯಾಗ ಅದೇ ಓಲಿ ಇತ್ತು. ಅಕಿ ಅತ್ತಿ ನಂಗ ಹೇಳಿದ್ದು ಅವತ್ತು ರಾತ್ರಿ.

ಆಡಿದ ಮಾತು ನಾಲ್ಕು ಗ್ವಾಡಿ ನಡುವ ಆಡಿದ್ದೆ, ತಪ್ಪಾತು ಅನ್ನೋದನ್ನ ನಾಲ್ಕು ಮಂದಿ ಮುಂದ ಹೇಳಾಕತ್ತೀನಿ. ತಪ್ಪಾತವ್ವ ಮಗಳ. ಮಾಡು, ಚಲೋ ಮಾಡು, ನಿನ್ನ ಕೂಲಿ ನೀನು ತಗೋ.

ಅತ್ತಿ, ನೀವೂ ಇದನ್ನ ಓದ್ತೀರಿ ಅಂತ ಗೊತ್ತೈತಿ ನಂಗ. ಸಿಟ್ಟಾಗಬ್ಯಾಡ್ರಿ. ಮುಂದಿನ ಅಮಾಸಿಗೆ ಕಂಪ್ಲಿಗೆ ಬರ್ರಿ. ನಿಮ್ಮ ಕೈಯಾನ ಹಸಿಮೆಣಸಿನಕಾಯಿ ಚಟ್ನಿ ಅಕಿಗೆ ಕಲೀಬೇಕಂತ. ನಿಮ್ಮ ಮುಖ ಹಾಕಂಗಿಲ್ಲ, ಕೈ ಅಷ್ಟೇ ತೋರಿಸ್ತಾಳಂತ. ಅದಕ್ಕೂ ನಿಮ್ಮನ್ನ ಕೇಳಿ ಬಾ ಅಂತ ನನ್ನ ಕೈಲೇ ಹೇಳಿ ಕಳಿಸ್ಯಾಳ. ಹೂಂ ಅಂತೀರೋ, ಒಲ್ಲೆ ಅಂತೀರೋ, ಫೋನ್ ಮಾಡಿ ಅಕಿಗೇ ಹೇಳ್ರಿ. ಹೂಂ ಅಂದ್ರ ಆ ವಿಡಿಯೋದ ರೊಕ್ಕದಾಗ ನಿಮ್ಮ ಪಾಲು ಕೇಳಾಕ ನಾಚಬ್ಯಾಡ್ರಿ.

ಉಪ್ಪಿನಕಾಯಿ ಮುಂದಿನ ಸಲ ಖಂಡಿತ.